ಗಾಜು ಗಟ್ಟಿ, ಕ್ಲಿಪ್ ಪುಡಿಪುಡಿ: ಮೂರು ವರ್ಷ ಬಳಸಿದ ಮೇಲೆ

ಬಟ್ಟಿ ಇಳಿಸುವ ಈ ಗಾಜಿನ ಸೆಟ್ ತಂದು ಮೂರು ವರ್ಷವಾಯಿತು. ವಾರಕ್ಕೊಮ್ಮೆ ಹೈಡ್ರೋಕ್ಲೋರಿಕ್ ಆಮ್ಲ ಶುದ್ಧ ಮಾಡುವುದೇ ಇದರ ಕೆಲಸ. ಬಿಸಿ ತಡೆಯುವ ಬೋರೋಸಿಲಿಕೇಟ್ 3.3 ಗಾಜು, ತುಂಡುಗಳು ಒಂದಕ್ಕೊಂದು ಕೂರುವ ಜಾಯಿಂಟ್‌ನ ಅಳತೆ 24/29 ಅನ್ನುವುದೆಲ್ಲ ಡಬ್ಬದ ಮೇಲೇ ಇದೆ, ಬಿಡಿ. ನನ್ನ ತಕರಾರು ಆ ಜಾಯಿಂಟ್ ಬಿಚ್ಚದ ಹಾಗೆ ಹಿಡಿಯಲು ಜೊತೆಗೆ ಬಂದ ಹಸಿರು ಪ್ಲಾಸ್ಟಿಕ್ ಕ್ಲಿಪ್‌ಗಳ ಬಗ್ಗೆ.

ಎಂಟು ತಿಂಗಳಿಗೆ ಅವುಗಳ ಬಣ್ಣ ಮಾಸಿತು, ಮೈಯೆಲ್ಲ ಬೂದಿ ಬಳಿದ ಹಾಗಾಯಿತು. ಒಂದು ದಿನ ಕೆಳಗಿನ ಫ್ಲಾಸ್ಕ್ ಬಿಡಿಸಲು ಕೈ ಹಾಕಿದರೆ ಟಕ್ ಅಂತ ಎರಡು ತುಂಡು. ಫ್ಲಾಸ್ಕ್ ಜಾರಿತು. ಅಡಿಯಲ್ಲಿ ಕಾರ್ಕಿನ ರಿಂಗ್ ಇಟ್ಟಿದ್ದೆ, ಬಚಾವಾದೆ. ಈ ಕ್ಲಿಪ್ ಅಸಿಟಾಲ್ ಅನ್ನುವ ಪ್ಲಾಸ್ಟಿಕ್‌ನದು, ಅದಕ್ಕೆ ಆಮ್ಲದ ಹಬೆ ಆಗುವುದಿಲ್ಲ. ಹಾಗಿದ್ದ ಮೇಲೆ ಆಮ್ಲಕ್ಕೆಂದೇ ಮಾರುವ ಸೆಟ್‌ನಲ್ಲಿ ಅದನ್ನು ಯಾಕೆ ಇಡಬೇಕು?

ಸಿಟ್ಟಿನಲ್ಲಿ ಸ್ಟೀಲ್ ಕ್ಲಿಪ್ ಹಾಕಿದೆ. ಅದೂ ಹಬೆಗೆ ತುಕ್ಕು ಹಿಡಿಯಿತು. ಆಮ್ಲದಲ್ಲಿರುವ ಕಬ್ಬಿಣ ತೆಗೆಯಲೆಂದು ಬಟ್ಟಿ ಇಳಿಸುತ್ತಿರುವವನ ಮುಂದೆಯೇ ತುಕ್ಕು ಉದುರಿಸುವ ಕ್ಲಿಪ್! ಈಗ ಟೆಫ್ಲಾನ್ ಕ್ಲಿಪ್ ಬಂದಿದೆ. ದುಬಾರಿ. ಇನ್ನೊಂದು ಫ್ಲಾಸ್ಕ್‌ಗೆಂದು ಎತ್ತಿಟ್ಟ ಹಣ ಅದಕ್ಕೇ ಹೋಯಿತು. ಹಿಡಿತ ಸ್ವಲ್ಪ ಸಡಿಲ, ಹಾಗಾಗಿ ಅಡಿಯ ರಿಂಗ್ ಈಗಲೂ ಇರಲೇಬೇಕು.

ಆದರೆ ಅದೇ ಟೆಫ್ಲಾನ್‌ನ ಇನ್ನೊಂದು ವಸ್ತು ನನ್ನನ್ನು ಮೆತ್ತಗೆ ಮಾಡಿತು. ಜಾಯಿಂಟ್ ಒಳಗೆ ತೊಡಿಸುವ ತೆಳ್ಳನೆಯ ತೋಳು, ಈರುಳ್ಳಿ ಸಿಪ್ಪೆಯಷ್ಟು ಹಗುರ. ಮೊದಲು ಸಿಲಿಕೋನ್ ಗ್ರೀಸ್ ಹಚ್ಚುತ್ತಿದ್ದೆ. ಅದು ಆಮ್ಲಕ್ಕೂ ಸೇರುತ್ತಿತ್ತು, ಜಾಯಿಂಟ್ ಕಚ್ಚಿಕೊಂಡರೆ ಬಿಡಿಸಲು ಅರ್ಧ ದಿನ. ಈಗ ಎರಡು ಬೆರಳಲ್ಲಿ ತಿರುವಿದರೆ ಸಾಕು, ಬಿಡುತ್ತದೆ.

ಶುರು ಮಾಡುವ ಮುಂಚಿನ ಹತ್ತು ನಿಮಿಷ ನನಗೆ ತುಂಬಾ ಇಷ್ಟ. ಒಣಗಿದ ಫ್ಲಾಸ್ಕನ್ನು ಬೆಳಕಿಗೆ ಹಿಡಿದು ನಿಧಾನ ತಿರುಗಿಸುತ್ತೇನೆ. ನಕ್ಷತ್ರದಂಥ ಸಣ್ಣ ಬಿರುಕು ಕಂಡರೆ ಅದು ನೇರ ಕಸಕ್ಕೆ, ವಾದವೇ ಇಲ್ಲ. ಆಮ್ಲವನ್ನು ಮೊದಲೇ ನೀರಿಗೆ ಬೆರೆಸಿ ಶೇಕಡಾ 20ರ ಸುಮಾರಿಗೆ ತಂದುಕೊಳ್ಳುತ್ತೇನೆ, ಇಲ್ಲದಿದ್ದರೆ ಶುರುವಿಗೇ ಗ್ಯಾಸ್ ಹೊಮ್ಮುತ್ತದೆ. ಕುದಿ ಉಕ್ಕದಿರಲೆಂದು ಹಾಕುವ ಚೂರುಗಳು ತಣ್ಣಗಿರುವಾಗಲೇ ಒಳಗೆ. ಹಬೆಯನ್ನು ತಣಿಸಿ ಹನಿಯಾಗಿಸುವ ಕಂಡೆನ್ಸರ್‌ಗೆ ನೀರು ಕೆಳಗಿನಿಂದ. ಹಬೆ ಹೋಗುವ ದಾರಿ ತೆರೆದಿದೆಯಾ ಅಂತ ಎರಡು ಸಲ ನೋಡುತ್ತೇನೆ. ಎಲ್ಲ ಮುಚ್ಚಿ ಬಿಸಿ ಮಾಡಿದರೆ ಬಾಂಬ್ ಮಾಡಿದ ಹಾಗೆಯೇ ಅಲ್ವಾ? ಇಷ್ಟೂ ಹಬೆಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಒಳಗೇ, ಶೀಲ್ಡ್ ಇಳಿಸಿಕೊಂಡು.

ಥರ್ಮಾಮೀಟರ್ 108 ಡಿಗ್ರಿ ದಾಟಿ ಅಲ್ಲೇ ನಿಲ್ಲುತ್ತದೆ. ಫ್ಲಾಸ್ಕ್‌ನಲ್ಲಿ ಕಬ್ಬಿಣದಿಂದ ಹಳದಿಯಾದ ಆಮ್ಲ, ಕಂಡೆನ್ಸರ್ ತುದಿಯಲ್ಲಿ ಮಾತ್ರ ನೀರಿನಷ್ಟು ತಿಳಿಯಾದ ಹನಿ. ಮೊದಲ ಪಾಲು ಚೆಲ್ಲಿಬಿಡುತ್ತೇನೆ. ಆಮೇಲಿನದನ್ನು ಸುಮ್ನೆ ನೋಡುತ್ತಾ ಕೂರುವುದೇ ಒಂದು ಸುಖ.

ಕೊಳ್ಳುವವರಿಗೆ ಒಂದು ಮಾತು: ಹೈಡ್ರೋಫ್ಲೋರಿಕ್ ಆಮ್ಲಕ್ಕೆ ಯಾವ ಗಾಜೂ ಬೇಡ, ಅದು ಗಾಜನ್ನೇ ತಿನ್ನುತ್ತದೆ. ಬಿಸಿ ಫಾಸ್ಫಾರಿಕ್ ಕೂಡ ನಿಧಾನಕ್ಕೆ ತಿನ್ನುತ್ತದೆ. ನೈಟ್ರಿಕ್ ಆದರೆ ರಬ್ಬರ್ ಬಿರಡೆ, ಕಾರ್ಕು, ಗ್ರೀಸ್ ಯಾವುದೂ ಹತ್ತಿರ ಸುಳಿಯಬಾರದು.

ಗಾಜಿಗೆ ಐದಕ್ಕೆ ಐದು. ಕ್ಲಿಪ್‌ಗೆ ಸೊನ್ನೆ, ಒಟ್ಟಿನಲ್ಲಿ ನಾಲ್ಕು ಸ್ಟಾರ್. ಥರ್ಮಾಮೀಟರ್ ಕೂರುವ ಸಣ್ಣ ಜಾಯಿಂಟ್‌ಗೆ ಮಾತ್ರ ಸರಿ ಅಳತೆಯ ತೋಳು ಇನ್ನೂ ಸಿಕ್ಕಿಲ್ಲ, ಪ್ರತಿ ವಾರ ಅದೊಂದು ಕಚ್ಚಿಕೊಳ್ಳುತ್ತದೆ.