64 ಜಿಬಿ ಪೆನ್‌ಡ್ರೈವ್: ನಾಲ್ಕು ವರ್ಷ ಬಳಸಿದ ಮೇಲೆ

ಮಂಗಳೂರು ಹಂಪನಕಟ್ಟೆಯ ಒಂದು ಅಂಗಡಿಯಲ್ಲಿ ಇದನ್ನು ತಗೊಂಡು ನಾಲ್ಕು ವರ್ಷ ದಾಟಿತು. ಕಂಪನಿಯ ಹೆಸರು ಬೇಡ, ಕೆಟ್ಟದ್ದರಲ್ಲಿ ಅರ್ಧ ತಪ್ಪು ನನ್ನದೇ. ಲೋಹದ ಮೈ, ಯುಎಸ್‌ಬಿ 3.0, ಕೀ ಗೊಂಚಲಿಗೆ ಸಿಕ್ಕಿಸಲು ಒಂದು ತೂತು. ಮುಚ್ಚಳ ಇಲ್ಲ. ಆ ಮುಚ್ಚಳ ಇಲ್ಲದ್ದೇ ಮುಂದೆ ಕಥೆಯಾಯಿತು.

ಹೊಸದರಲ್ಲಿ ವಿಂಡೋಸ್ 59 ಚಿಲ್ಲರೆ ಜಿಬಿ ಅಂತ ತೋರಿಸಿತು. ಮೋಸ ಅಲ್ಲ. ಕಂಪನಿಯವರದ್ದು ಸಾವಿರದ ಲೆಕ್ಕ, ವಿಂಡೋಸಿನದ್ದು 1024ರ ಲೆಕ್ಕ. ವೇಗ ಪರವಾಗಿಲ್ಲ. ಓದುವುದು ಚುರುಕು. ಬರೆಯುವುದು ಮಾತ್ರ ಮೊದಲು ಓಡಿ, ದೊಡ್ಡ ಫೈಲಾದರೆ ಅರ್ಧದಲ್ಲೇ ಏದುಸಿರು ಬಿಡುತ್ತದೆ.

ನಾನು ತಗೊಂಡದ್ದು ಯಕ್ಷಗಾನಕ್ಕಾಗಿ. ಮೇಳಗಳು ತಿರುಗಾಟಕ್ಕೆ ಹೊರಟಲ್ಲಿಂದ ಅದು ಮುಗಿಯುವ ಪತ್ತನಾಜೆಯ ದಿನದವರೆಗೆ, ಸಾಧ್ಯವಾದ ಆಟಕ್ಕೆಲ್ಲ ಹೋಗಿ ರೆಕಾರ್ಡ್ ಮಾಡುವ ಹುಚ್ಚು ನನಗೆ. ಒಂದು ರಾತ್ರಿಯ ಎಂಪಿ3 ಹೆಚ್ಚುಕಮ್ಮಿ ಅರ್ಧ ಜಿಬಿ. ಜಾಗ ಧಾರಾಳ. ಆದರೆ ಮೊಬೈಲಿನಲ್ಲಿ ತೆಗೆದ ಉದ್ದದ ವಿಡಿಯೋ ಹಾಕಲು ಹೋದರೆ ಫ್ಯಾಟ್32 (ಡ್ರೈವಿನಲ್ಲಿ ಫೈಲ್ ಜೋಡಿಸಿಡುವ ಹಳೇ ಕ್ರಮ) ಒಪ್ಪುವುದಿಲ್ಲ, 4 ಜಿಬಿಗಿಂತ ದೊಡ್ಡ ಫೈಲ್ ಅದಕ್ಕೆ ಹಿಡಿಸದು. ಫಾರ್ಮ್ಯಾಟ್ ಮಾಡಿ ಹೊಸ ಕ್ರಮವಾದ ಎಕ್ಸ್‌ಫ್ಯಾಟ್‌ಗೆ ಬದಲಿಸಿದೆ. ಆಗ ಕಾರಿನ ಹಳೇ ಸ್ಟೀರಿಯೋ ಮುನಿಸಿಕೊಂಡಿತು. ಕೊನೆಗೆ ಹೊಸ ಸ್ಟೀರಿಯೋ ಹಾಕಿಸಿದೆ. ಪೆನ್‌ಡ್ರೈವಿಗಿಂತ ಹತ್ತು ಪಟ್ಟು ಖರ್ಚು, ಅದು ಬೇರೆ ಮಾತು.

ಮೂರು ವರ್ಷ ಏನೂ ತೊಂದರೆ ಇರಲಿಲ್ಲ. ಹಾಡು ನಡೆಯುತ್ತಿರುವಾಗಲೇ ಎಳೆದು ತೆಗೆಯುತ್ತಿದ್ದೆ. ಲ್ಯಾಪ್‌ಟಾಪಿನಲ್ಲೂ ಅದೇ ಚಾಳಿ. ಕೀ ಗೊಂಚಲಿನ ಜತೆ ಮಳೆಯಲ್ಲಿ ನೆನೆದದ್ದಕ್ಕೆ ಲೆಕ್ಕವೇ ಇಲ್ಲ.

ಕಳೆದ ಜುಲೈಯಲ್ಲಿ ಒಂದು ದಿನ ಸಿಕ್ಕಿಸಿದರೆ ಸದ್ದೇ ಇಲ್ಲ. ಮನೆಯಲ್ಲಿ "ಅಕ್ಕಿ ಡಬ್ಬದಲ್ಲಿ ಇಡಿ" ಅಂದರು. ಇಟ್ಟೆ. ಕುಚ್ಚಲಕ್ಕಿಯ ಹುಡಿ ಒಳಗೆ ಹೋಯಿತು, ಅಷ್ಟೇ ಲಾಭ. ಟಾರ್ಚ್ ಹಾಕಿ ನೋಡಿದರೆ ಸಂಪರ್ಕದ ಪಟ್ಟಿಗಳ ಮೇಲೆ ಹಸಿರು ಹಸಿರು. ನಮ್ಮ ಕಡಲ ಬದಿಯ ಉಪ್ಪುಗಾಳಿ ಗೇಟಿನ ಚಿಲಕವನ್ನೇ ಬಿಡುವುದಿಲ್ಲ, ಇದನ್ನು ಬಿಡುತ್ತದಾ? ಇಯರ್‌ಬಡ್‌ನ ಹತ್ತಿ ಸ್ವಲ್ಪ ಕಿತ್ತು ತೆಳು ಮಾಡಿ, ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಉಜ್ಜಿದೆ. ಪೂರ್ತಿ ಒಣಗಲು ಬಿಟ್ಟೆ. ನೀಲಿ ಬಣ್ಣದ 3.0 ಪೋರ್ಟಿನಲ್ಲಿ ಆಗಲೂ ಬರಲಿಲ್ಲ. ಹಳೇ ಕಂಪ್ಯೂಟರಿನ ಕಪ್ಪು ಯುಎಸ್‌ಬಿ 2.0 ಪೋರ್ಟಿಗೆ ಹಾಕಿದೆ, ಟಿಂಗ್ ಅಂತ ಸದ್ದು ಬಂತು! 3.0ರಲ್ಲಿ ಒಟ್ಟು ಒಂಬತ್ತು ಸಂಪರ್ಕ. ಹಳೆಯ ನಾಲ್ಕು ಸರಿ ಇದ್ದರೆ 2.0 ವೇಗದಲ್ಲಾದರೂ ನಡೆಯುತ್ತದೆ.

ಬಂತು ಅಂತ ಖುಷಿಪಡುವಷ್ಟರಲ್ಲಿ, ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು ಅಂತ ವಿಂಡೋಸ್ ಹಟ ಹಿಡಿಯಿತು. ದಮ್ಮಯ್ಯ, ಅಲ್ಲಿ ಮಾತ್ರ ಒಪ್ಪಬೇಡಿ. ವಿಂಡೋಸಿನಲ್ಲೇ ಇರುವ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿ. ಅಲ್ಲಿ 'ನೋ ಮೀಡಿಯಾ' ಅಂತ ಇದ್ದರೆ ಒಳಗಿನ ಕಂಟ್ರೋಲರಿಗೆ ಮೆಮೊರಿ ಚಿಪ್ಪೇ ಸಿಗುತ್ತಿಲ್ಲ ಅಂತ ಅರ್ಥ. ಅದು ಮನೆಯಲ್ಲಿ ರಿಪೇರಿ ಆಗುವ ಕೆಲಸ ಅಲ್ಲ. ನನ್ನದರಲ್ಲಿ ಗಾತ್ರ ಸರಿಯಾಗಿಯೇ ಇತ್ತು, ಪಕ್ಕದಲ್ಲಿ 'ರಾ' ಅಂತ ಬರೆದಿತ್ತು. ಅಂದರೆ ಸಾಮಾನು ಒಳಗೇ ಉಂಟು, ಯಾವುದು ಎಲ್ಲಿ ಅನ್ನುವ ಪಟ್ಟಿ ಹಾಳಾಗಿದೆ. ಎಳೆದು ತೆಗೆಯುವ ನನ್ನ ಚಾಳಿಗೆ ಸಿಕ್ಕಿದ ಬಹುಮಾನ ಇದೇ ಇರಬೇಕು.

ತುಂಬಾ ಜನ ಮೊದಲು ವಿಂಡೋಸಿನ ದುರಸ್ತಿ ತಂತ್ರಾಂಶ ಚೆಕ್‌ಡಿಸ್ಕ್ ಓಡಿಸಲು ಹೇಳುತ್ತಾರೆ. ಅದು ಸರಿ ಮಾಡುವ ನೆಪದಲ್ಲಿ ಡ್ರೈವಿನ ಮೇಲೇ ಬರೆಯುತ್ತದೆ. ಹಾಗಾಗಿ ನಾನು ಮಣಿಪಾಲದಲ್ಲಿರುವ ಗೆಳೆಯನ ಲಿನಕ್ಸ್ ಕಂಪ್ಯೂಟರಿನಲ್ಲಿ ಡಿಡಿರೆಸ್ಕ್ಯೂ ಹಾಕಿ ಇಡೀ ಡ್ರೈವಿನ ಪ್ರತಿ ತೆಗೆಸಿದೆ. ಓದಲು ಸುಲಭವಾದದ್ದನ್ನು ಅದು ಮೊದಲು ಎತ್ತಿಕೊಳ್ಳುತ್ತದೆ, ಕಷ್ಟದ್ದಕ್ಕೆ ಆಮೇಲೆ ಕೈ ಹಾಕುತ್ತದೆ. ನಂತರ ಆ ಪ್ರತಿಯ ಮೇಲೆ ಫೋಟೋರೆಕ್ ಓಡಿಸಿದೆವು. ಕಳೆದುಹೋದ ಫೈಲ್ ಹುಡುಕುವ ಉಚಿತ ತಂತ್ರಾಂಶ. ಹೆಸರಲ್ಲಿ ಫೋಟೋ ಇದ್ದರೂ ಎಂಪಿ3 ಕೂಡ ಹುಡುಕುತ್ತದೆ.

ಆಡಿಯೋ ಬಹುಪಾಲು ಸಿಕ್ಕಿತು. ದೊಡ್ಡ ವಿಡಿಯೋ ಎರಡು ಹೋದವು. ಆದರೆ ಫೋಟೋರೆಕ್ ಹಳೇ ಹೆಸರನ್ನು ಉಳಿಸುವುದಿಲ್ಲ. ಎಫ್ ಅಕ್ಷರ, ಆಮೇಲೆ ಉದ್ದಕ್ಕೆ ಅಂಕೆ, ಅಷ್ಟೇ. ಯಾವುದು ಯಾವ ಊರಿನ ಆಟ? ಒಂದೊಂದನ್ನೇ ಕೇಳುತ್ತಾ ಕೂತೆ. ಭಾಗವತರ ಸ್ವರ ಕೇಳಿ ಮೇಳ ಗುರುತಿಸಿದೆ. ಒಂದರಲ್ಲಿ ಚೆಂಡೆಗಿಂತ ಜನರೇಟರಿನ ಸದ್ದೇ ಜಾಸ್ತಿ, ಅದು ನಮ್ಮ ಬೈಲಿನದ್ದೇ. ಇನ್ನೊಂದರಲ್ಲಿ ನಡುರಾತ್ರಿ ಮಳೆ ಬಂದು ಜನ ಕುರ್ಚಿ ತಲೆ ಮೇಲೆ ಹಿಡಿದು ಓಡುವ ಗಲಾಟೆ. ಎರಡು ಭಾನುವಾರ ಹಾಗೇ ಹೋದವು. ಬೇಸರ ಆಗಲಿಲ್ಲ ಮಾರಾಯ್ರೆ.

ಐದು ವರ್ಷದ ವಾರಂಟಿ ಇತ್ತು. ಬಿಲ್ ತೋರಿಸಿದೆ, ಹಳೆಯದನ್ನು ಇಟ್ಟುಕೊಂಡು ಹೊಸದು ಕೊಟ್ಟರು. ಅದರ ಮಟ್ಟಿಗೆ ದೂರು ಇಲ್ಲ. ಡೇಟಾಕ್ಕೆ ಅವರು ಜವಾಬ್ದಾರರಲ್ಲ ಅಂತ ಕಾಗದದಲ್ಲೇ ಇದೆ. ಡೇಟಾ ತೆಗೆಯುವ ಮೊದಲೇ ಕೊಟ್ಟಿದ್ದರೆ ಮುಗಿದೇ ಹೋಗಿತ್ತು.

ಐದಕ್ಕೆ ಮೂರು ಕೊಡುತ್ತೇನೆ. ಒಂದು ಅಂಕ ಮುಚ್ಚಳ ಇಲ್ಲದ್ದಕ್ಕೆ ಕಡಿತ, ಇನ್ನೊಂದು ಬರೆಯುವಾಗಿನ ಏದುಸಿರಿಗೆ. ಸಾಗಿಸಲು ಚೆನ್ನಾಗಿದೆ, ಕೂಡಿಡಲು ಅಲ್ಲ. ಈಗ ಆಟಗಳೆಲ್ಲ ಎರಡು ಹಾರ್ಡ್‌ಡಿಸ್ಕಿನಲ್ಲಿವೆ, ಒಂದು ನನ್ನಲ್ಲಿ, ಒಂದು ಉಡುಪಿಯ ಅಕ್ಕನ ಮನೆಯಲ್ಲಿ. ಹೊಸ ಪೆನ್‌ಡ್ರೈವ್ ಕಾರಿನಲ್ಲೇ ಇರುತ್ತದೆ. ಕೀ ಗೊಂಚಲಿಗೆ ಹಾಕಿಲ್ಲ.