ಕರಗಕ್ಕೆ ಬರಲಾ, ಪರಿಷೆಗೆ ಬರಲಾ?

ಬೆಂಗಳೂರಿನ ಹಬ್ಬ ಒಂದನ್ನಾದರೂ ನೋಡಬೇಕು, ಯಾವಾಗ ಬರಲಿ ಅಂತ ಕೇಳಿದಿರಿ. ಮೊದಲು ಹೇಳಿ, ನಿದ್ದೆ ಕೆಡೋಕೆ ರೆಡಿನಾ?

ಕರಗ, ಅಂದರೆ ಹೂವಿನಿಂದ ಸಿಂಗರಿಸಿದ ಕಳಶದ ಮೆರವಣಿಗೆ, ಚೈತ್ರ ಹುಣ್ಣಿಮೆಯ ರಾತ್ರಿ. ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಹೊರಡುವಾಗ ನಡುರಾತ್ರಿ ದಾಟಿರುತ್ತದೆ, ಅಲ್ಲಿಯವರೆಗೆ ನಿಂತೇ ಕಾಯಬೇಕು, ಹಿಂದಿನಿಂದ ಜನ ತಳ್ಳುತ್ತಿರುತ್ತಾರೆ. ಆಮೇಲೆ ಒಮ್ಮೆಲೇ ಮಲ್ಲಿಗೆಯ ಘಮ, ಕತ್ತಿ ಹಿಡಿದ ವೀರಕುಮಾರರು, "ಗೋವಿಂದ ಗೋವಿಂದ" ಕೂಗು, ಅದರ ನಡುವೆ ಸೀರೆಯುಟ್ಟು ಬಳೆ ತೊಟ್ಟ ಪೂಜಾರಿ ತಲೆ ಮೇಲೆ ಕರಗ ಹೊತ್ತು ಬರುತ್ತಾರೆ. ಕಣ್ಣೆದುರು ಹಾದುಹೋಗುವುದು ಕೆಲವೇ ಕ್ಷಣ. ಮಸ್ತಾನ್ ಸಾಹೇಬರ ದರ್ಗಾಕ್ಕೂ ಕರಗ ಹೋಗುತ್ತದೆ, ಅದು ನನಗೆ ಬಲು ಇಷ್ಟ. ಆದರೆ ಚಿಕ್ಕ ಮಕ್ಕಳನ್ನು, ಮಂಡಿ ನೋವಿನವರನ್ನು ಕರೆತರಬೇಡಿ.

ಅಂಥವರು ಜೊತೆಗಿದ್ದರೆ ಬಸವನಗುಡಿಯ ಕಡಲೆಕಾಯಿ ಪರಿಷೆಯೇ ಸರಿ. ಕಾರ್ತಿಕದ ಕೊನೆಯ ಸೋಮವಾರ ಮುಖ್ಯ ದಿನ, ಗದ್ದಲವೂ ಆವತ್ತೇ ಜಾಸ್ತಿ, ಅಂಗಡಿಗಳು ಹಿಂದೆಮುಂದೆ ಕೆಲವು ದಿನ ಇರುತ್ತವೆ. ಹಗಲಲ್ಲೇ ಬನ್ನಿ. ದೊಡ್ಡ ಬಸವಣ್ಣನ ದರ್ಶನ ಮುಗಿಸಿ, ಸೇರಿನಲ್ಲಿ ಅಳೆದು ಕೊಟ್ಟ ಬಿಸಿ ಕಾಯಿ ಬಿಡಿಸುತ್ತಾ ಸುಮ್ನೆ ಅಡ್ಡಾಡಿ. ನ್ಯಾಷನಲ್ ಕಾಲೇಜು ಮೆಟ್ರೋದಲ್ಲಿ ಇಳಿದು ನಡೆಯಬಹುದು, ಕಾರು ಮಾತ್ರ ತರಬೇಡಿ.

ಖರ್ಚು? ಎರಡಕ್ಕೂ ಟಿಕೆಟ್ ಇಲ್ಲ. ಕರಗದಲ್ಲಿ ಜೇಬು, ಮೊಬೈಲು ಜೋಪಾನ ಅಷ್ಟೇ, ಪರಿಷೆಯಲ್ಲಿ ದುಡ್ಡು ನೀವಾಗಿಯೇ ಕಳೆಯುತ್ತೀರಿ, ಬತ್ತಾಸು, ಬಳೆ, ಮಕ್ಕಳ ಪೀಪಿ ಅಂತ.

ಇವೆರಡೂ ರಜೆಗೆ ಹೊಂದದಿದ್ದರೆ ಲಾಲ್‌ಬಾಗ್ ಹೂವಿನ ಪ್ರದರ್ಶನ ಇದ್ದೇ ಇದೆ, ಜನವರಿ ಮತ್ತು ಆಗಸ್ಟ್‌ನಲ್ಲಿ. ಟಿಕೆಟ್ ಉಂಟು, ಬೆಳಿಗ್ಗೆ ಬೇಗ ಹೋಗಿ, ಹನ್ನೊಂದರ ಮೇಲೆ ಗಾಜಿನ ಮನೆಯೊಳಗೆ ಹೂವಿಗಿಂತ ತಲೆಗಳೇ ಕಾಣುತ್ತವೆ.