ಗಲ್ಲಾಪೆಟ್ಟಿಗೆಯ ಪಕ್ಕದ ಕ್ಯೂಆರ್ ಫಲಕ: ಒಂದು ವಿಮರ್ಶೆ

ಊರಿನ ಮುದ್ರಣದಂಗಡಿಯೊಂದು ಮಾಡಿಕೊಟ್ಟ ಅಕ್ರಿಲಿಕ್ ಕ್ಯೂಆರ್ ಫಲಕ ನಮ್ಮ ದಿನಸಿ ಅಂಗಡಿಯಲ್ಲಿ ಬಳಕೆಯಲ್ಲಿದೆ. ಎಣ್ಣೆಗೈ ತಾಗಿ, ಅರಿಶಿನದ ಪುಡಿ ಅಂಟಿ ಅದರ ಕೆಳಗಿನ ಬಲಮೂಲೆ ಮಾಸಿಹೋಗಿದ್ದರೂ, ಗಿರಾಕಿಗಳು ಫೋನ್ ಹಿಡಿದ ಕೂಡಲೇ ಪಾವತಿಯ ಪರದೆ ತೆರೆದುಕೊಳ್ಳುತ್ತದೆ.

ಇದರ ಶ್ರೇಯಸ್ಸು ಅಕ್ರಿಲಿಕ್‌ಗಿಂತ ಹೆಚ್ಚಾಗಿ ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲೊಮನ್ 1960ರಲ್ಲಿ ಪ್ರಕಟಿಸಿದ ದೋಷ ತಿದ್ದುವ ಸಂಕೇತಕ್ಕೆ ಸಲ್ಲಬೇಕು. ಮೂಲ ಮಾಹಿತಿಯೊಂದಿಗೆ, ಅದರಿಂದಲೇ ಲೆಕ್ಕ ಹಾಕಿ ಪಡೆದ ಹೆಚ್ಚುವರಿ ಬೈಟ್‌ಗಳನ್ನೂ ಚೌಕಗಳ ರೂಪದಲ್ಲಿ ಅಚ್ಚು ಹಾಕಿರುವುದರಿಂದ, ಕೆಟ್ಟ ಭಾಗದಲ್ಲಿ ಏನಿತ್ತೆಂಬುದನ್ನು ಫೋನ್ ಉಳಿದ ಭಾಗದಿಂದ ಗಣಿಸಿಕೊಳ್ಳುತ್ತದೆ. ಎಲ್ಲಿ ತಪ್ಪಿದೆಯೆಂದು ತಿಳಿಯದ ಒಂದು ಬೈಟನ್ನು ತಿದ್ದಲು ಇಂಥ ಎರಡು ಹೆಚ್ಚುವರಿ ಬೈಟ್‌ಗಳು ಬೇಕು. ಜಪಾನಿನ ಡೆನ್ಸೊ ಸಂಸ್ಥೆಯಲ್ಲಿ 1994ರಲ್ಲಿ ರೂಪುಗೊಂಡ ಕ್ಯೂಆರ್‌ನಲ್ಲಿ ಈ ರಕ್ಷಣೆಗೆ ನಾಲ್ಕು ಮಟ್ಟಗಳಿವೆ: ಎಲ್ ಮಟ್ಟ ಸುಮಾರು ಶೇ. 7ರಷ್ಟು ಹಾನಿಯನ್ನು ತಡೆದುಕೊಂಡರೆ, ಎಚ್ ಮಟ್ಟ ಸುಮಾರು ಶೇ. 30ರಷ್ಟನ್ನು ತಡೆದುಕೊಳ್ಳುತ್ತದೆ.

ಆಕ್ಷೇಪವೂ ಇದೆ. ಅಂದಕ್ಕೆಂದು ನಡುವೆ ದೊಡ್ಡ ಲೋಗೊ ಕೂರಿಸಿದ್ದಾರೆ. ಅದು ಮುಚ್ಚಿದ ಚೌಕಗಳೂ ಹಾನಿಯ ಲೆಕ್ಕಕ್ಕೇ ಸೇರುವುದರಿಂದ, ಕೊಳೆಗೆಂದು ಉಳಿಯಬೇಕಾದ ಅವಕಾಶ ಮೊದಲೇ ಖರ್ಚಾಗಿದೆ. ಸುತ್ತಲೂ ನಾಲ್ಕು ಚೌಕಗಳಷ್ಟು ಅಗಲ ಬಿಡಬೇಕಾದ ಬಿಳಿ ಅಂಚನ್ನೂ ಕತ್ತರಿಸಿದ್ದಾರೆ. ಈ ಅಂಚಿಗಾಗಲಿ, ಮೂರು ಮೂಲೆಗಳ ದೊಡ್ಡ ಗುರುತು ಚೌಕಗಳಿಗಾಗಲಿ ತಿದ್ದುವ ಸಂಕೇತದ ರಕ್ಷಣೆಯಿಲ್ಲ. ಕೊಳ್ಳುವವರು ಎಚ್ ಮಟ್ಟ, ಪೂರ್ಣ ಅಂಚು, ಸಣ್ಣ ಲೋಗೊ ಬೇಕೆಂದು ಮುಂಗಡ ಕೊಡುವಾಗಲೇ ಹೇಳಿಬಿಡುವುದು ಒಳ್ಳೆಯದು.